ಹಳೇ ಆಸ್ಪತ್ರೆಯ ಗಂಟೆ ನರ್ಸು

ಬಸವೇಶ್ವರನಗರದ ನಮ್ಮ ಮನೆಯ ಮಹಡಿ ರೂಮುಗಳಲ್ಲಿ ನರ್ಸಿಂಗ್ ಓದುವ ಹುಡುಗಿಯರು ಬಾಡಿಗೆಗಿದ್ದಾರೆ. ಪರೀಕ್ಷೆ ಹತ್ತಿರ ಬಂದರೆ ಪುಸ್ತಕ ಹಿಡಿದುಕೊಂಡು ಕೆಳಗೆ ಇಳಿಯುತ್ತಾರೆ. ಮೊದಲು "ಆಂಟಿ, ಇದೊಂದು ಅರ್ಥ ಆಗ್ತಾ ಇಲ್ಲ" ಅನ್ನುತ್ತಾರೆ. ಆಮೇಲೆ ಕಾಫಿ. ಕಾಫಿ ಮುಗಿಯುವ ಹೊತ್ತಿಗೆ ಪುಸ್ತಕ ಮುಚ್ಚಿರುತ್ತದೆ. "ನಿಮ್ ಕಾಲದಲ್ಲಿ ಹೆಂಗಿತ್ತು ಆಂಟಿ?" ಅಂತ ಶುರುವಾಗುತ್ತದೆ.

ನನಗೆ ಬಡ್ತಿ ಯಾವಾಗ ಬಂತು, ಬರಬೇಕಾದಾಗ ಯಾಕೆ ಬರಲಿಲ್ಲ ಅನ್ನುವುದನ್ನು ನಮ್ಮ ಮನೆಯವರ ಹತ್ತಿರ ಹೇಳಿ ಹೇಳಿ ಅವರಿಗೆ ಬಾಯಿಪಾಠ ಆಗಿದೆ. ಇಲ್ಲಿ ಅದನ್ನು ಬರೆಯುವುದಿಲ್ಲ. ಈ ಹುಡುಗಿಯರ ಸಿಲಬಸ್ಸಿನಲ್ಲಿ ಇಲ್ಲದ ಒಂದು ವಿಷಯ ನನಗೆ ಚೆನ್ನಾಗಿ ಗೊತ್ತು. ದೆವ್ವ ಇರುವ ಆಸ್ಪತ್ರೆಯನ್ನು ನಡೆಸುವುದು ಹೇಗೆ ಅನ್ನುವುದು. ಅದನ್ನೇ ಬರೆದಿಡುತ್ತೇನೆ.

ಎಪ್ಪತ್ತರ ದಶಕ. ನಾನು ಚಿತ್ರದುರ್ಗದ ಕಡೆಯವಳು, ಹೆಸರು ನೀಲಾಂಬಿಕೆ. ಮೇಷ್ಟರೊಬ್ಬರನ್ನು ಮದುವೆಯಾಗಿ ರಾಜಾಜಿನಗರಕ್ಕೆ ಬಂದಿದ್ದೆ. ಪೇಟೆಯ ದೊಡ್ಡ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಕೆಲಸ. ಒಂದು ದಿನ ನಮ್ಮ ಮೇಲಧಿಕಾರಿ ಡಾಕ್ಟರ್ ಶ್ರೀಕಂಠಯ್ಯನವರು ಕರೆಸಿದರು. ಅವರು ತುಂಬ ಓದಿಕೊಂಡವರು, ಒಳ್ಳೆಯವರು. ಒಂದೇ ಕಷ್ಟವೆಂದರೆ, ಎರಡು ಮಾತಿಗೊಂದು ಸಲ "ವೈಜ್ಞಾನಿಕ ಮನೋಭಾವ" ಅನ್ನುತ್ತಿದ್ದರು. ಊಟದಲ್ಲಿ ಉಪ್ಪು ಕಮ್ಮಿಯಾದರೂ ಅವರಿಗೆ ಅಡುಗೆಯವನಲ್ಲಿ ಅದರ ಕೊರತೆಯೇ ಕಾಣುತ್ತಿತ್ತು.

"ಸಿಸ್ಟರ್, ಸುಂಕದಕಟ್ಟೆ ಆಚೆ ಒಂದು ಹಳೇ ಆಸ್ಪತ್ರೆ ಇದೆ. ಬೀಗ ಹಾಕಿ ಬಹಳ ವರ್ಷ ಆಯ್ತು. ಅಲ್ಲಿ ಹೆರಿಗೆ ಕೇಂದ್ರ ತೆರೀತಾ ಇದೀವಿ. ನೀವು ಇನ್‌ಚಾರ್ಜ್."

"ಡಾಕ್ಟರು ಯಾರು ಸಾರ್?"

"ಬರ್ತಾರೆ."

ಆ 'ಬರ್ತಾರೆ' ಅನ್ನುವ ಡಾಕ್ಟರು ನಾನು ಅಲ್ಲಿದ್ದಷ್ಟು ಕಾಲವೂ ಬರಲಿಲ್ಲ.

ಆಗ ಮಾಗಡಿ ರೋಡೆಂದರೆ ಎರಡೂ ಕಡೆ ರಾಗಿ ಹೊಲ. ಬಸ್ಸು ಸುಂಕದಕಟ್ಟೆಯಲ್ಲಿ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಹೆಗ್ಗನಹಳ್ಳಿ ಕಡೆಗೆ ತಿರುಗುವ ಮಣ್ಣು ದಾರಿಯಲ್ಲಿ ಒಳ್ಳೇ ನಡಿಗೆ. ಊರು ದಾಟಿದ ಮೇಲೆ ಹೊಂಗೆ ಮರಗಳ ನಡುವೆ ಕಲ್ಲಿನ ಕಟ್ಟಡ. ಮುಂದೆ ಎರಡು ಕೋಣೆ. ಅವುಗಳ ಹಿಂದೆ, ರೈಲು ಬೋಗಿಯ ಹಾಗೆ ಉದ್ದಕ್ಕೆ ಚಾಚಿಕೊಂಡ ವಾರ್ಡು. ವಾರ್ಡಿನ ಕಿಟಕಿಗಳು ಎತ್ತರದಲ್ಲಿದ್ದವು. ಅಂಗಳದಲ್ಲಿ ನಿಂತು ನೋಡಿದರೆ ಒಳಗಿದ್ದವರ ತಲೆ ಮಾತ್ರ ಕಾಣಬೇಕು, ಹಾಗೆ.

ನನ್ನ ಸಹಾಯಕ್ಕೆ ಕೊಟ್ಟಿದ್ದ ಜವಾನ ಚೌಡಪ್ಪ ಅದೇ ಊರಿನವನು. ಮೀಸೆ ನೋಡಿದರೆ ಪೈಲ್ವಾನ. ಗೇಟಿನ ಹೊರಗೇ ನಿಂತು ಬೀಗದ ಕೈ ನನ್ನ ಕೈಗಿಟ್ಟ.

"ಒಳಗೆ ಬರಲ್ವೇನಪ್ಪ?"

"ನೀವು ಮುಂದೆ ನಡೀರಿ ಅಮ್ಮ. ಅಲ್ಲಿರೋದು ನಿಮ್ಮ ಡಿಪಾರ್ಟ್‌ಮೆಂಟಿನೋರೇ."

ಆಮೇಲೆ ಕಟ್ಟಡದ ಚರಿತ್ರೆ ಹೇಳಿದ. ಪ್ಲೇಗಿನ ಕಾಲದಲ್ಲಿ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಪುಣ್ಯಕ್ಕೆಂದು ಕಟ್ಟಿಸಿದ ಆಸ್ಪತ್ರೆಯಂತೆ. ರೋಗಿಗಳನ್ನು ಊರಿಂದ ದೂರ ಇಡಬೇಕೆಂದು ಇಷ್ಟು ದೂರ. ಅಲ್ಲಿ ಒಬ್ಬಳು ನರ್ಸಿದ್ದಳಂತೆ; ತಲೆಗೆ ಬಿಳೀ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಗಂಟೆ ಹಿಡಿದು, ಮಂಚದಿಂದ ಮಂಚಕ್ಕೆ ಹೋಗುತ್ತಿದ್ದಳಂತೆ. ಕೊನೆಗೆ ಅವಳಿಗೇ ಪ್ಲೇಗು ತಗುಲಿ ಸತ್ತಳಂತೆ. ಇವತ್ತಿಗೂ ರೌಂಡ್ಸ್ ಬಿಟ್ಟಿಲ್ಲವಂತೆ. ಊರಲ್ಲಿ ಅವಳಿಗೆ ಗಂಟೆ ನರ್ಸು ಅಂತ ಹೆಸರು. ಗಂಡಸರು ಯಾರಾದರೂ ಕಾಂಪೌಂಡಿನೊಳಗೆ ಕಾಲಿಟ್ಟರೆ ಜ್ವರ ಗ್ಯಾರಂಟಿ.

"ರಾತ್ರಿ ಹೊತ್ತು ನಾನೆಲ್ಲಿ ಇರ್ತೀನಿ ಚೌಡಪ್ಪ. ಸಂಜೆ ಬಸ್ಸಿಗೆ ಹೊರಟುಬಿಡ್ತೀನಿ."

"ರಾತ್ರಿ ಅಲ್ಲ ಅಮ್ಮ. ಊಟ ಆದ್ಮೇಲೆ, ಮಧ್ಯಾಹ್ನ."

"ದೆವ್ವ ಮಧ್ಯಾಹ್ನ ಬರೋದಾ?"

"ಇದು ನರ್ಸು ದೆವ್ವ ಕಣಮ್ಮ. ಡ್ಯೂಟಿ ಟೈಮಿಗೇ ಬರ್ತದೆ."

ನನಗೆ ನಗು ಬಂತು. ಆದರೆ ಒಂದು ಮಾತು ಹೇಳಬೇಕು, ನಾನೇನೂ ದೊಡ್ಡ ಧೈರ್ಯಸ್ಥೆ ಅಲ್ಲ. ಆ ದಿನ ಒಳಗೆ ಹೋಗುವಾಗ ಬಲಗಾಲು ಇಟ್ಟೆ, ಎದೆಯ ಮೇಲಿನ ಲಿಂಗ ಮುಟ್ಟಿಕೊಂಡೆ, ಆಮೇಲೆ ಕೆಮ್ಮಿದೆ. ಯಾಕೆ ಕೆಮ್ಮಿದೆ ಅಂತ ಈಗಲೂ ಗೊತ್ತಿಲ್ಲ.

ಮುಂದಿನ ಎರಡು ಕೋಣೆ ಗುಡಿಸಿ ಸುಣ್ಣ ಬಳಿದು ಕೇಂದ್ರ ಶುರು ಮಾಡಿದೆ. ಈಗಿನ ಹುಡುಗಿಯರು ಸೂಜಿ ಚುಚ್ಚಿ ಬಿಸಾಕುತ್ತಾರೆ. ನಮಗೆ ಗಾಜಿನ ಸಿರಿಂಜು. ಪ್ರತಿಸಲವೂ ಸೀಮೆಎಣ್ಣೆ ಸ್ಟೌವಿನ ಮೇಲೆ ಕುದಿಸಬೇಕು. ಸೂಜಿ ಮೊಂಡಾದರೆ ಕಲ್ಲಿಗೆ ಉಜ್ಜಿ ಚೂಪು ಮಾಡಬೇಕು. ಅದನ್ನು ಉಜ್ಜುವ ಸದ್ದಿಗೇ ಅರ್ಧ ರೋಗಿಗಳು ವಾಸಿಯಾಗಿ ಎದ್ದು ಹೋಗುತ್ತಿದ್ದರು. ಸಾಲದ್ದಕ್ಕೆ ಇಲಾಖೆಯವರು ಬಂದು ಗೋಡೆಯ ಮೇಲೆ ಕುಟುಂಬ ಯೋಜನೆಯ ದೊಡ್ಡ ಕೆಂಪು ತ್ರಿಕೋನ ಬರೆದು ಹೋದರು. ಗಂಡಸರಿಗೆ ಮೊದಲು ದೆವ್ವದ ಭಯ ಮಾತ್ರ ಇತ್ತು. ಈಗ, ಹಿಡಿದು ಆಪರೇಷನ್ ಮಾಡಿಬಿಡುತ್ತಾರೆ ಅನ್ನುವ ಭಯವೂ ಸೇರಿತು. ಆ ಎರಡರಲ್ಲಿ ದೆವ್ವವೇ ವಾಸಿ ಅಂದುಕೊಂಡವರೇ ಜಾಸ್ತಿ.

ಬೆಳಿಗ್ಗೆ ಯಾರೋ ಒಬ್ಬಿಬ್ಬರು ಹೆಂಗಸರು ಕೆಮ್ಮಿನ ಔಷಧಿಗೆ ಬರುತ್ತಿದ್ದರು. ಬಸುರಿಯರು ಮಾತ್ರ ಈ ಕಡೆ ತಲೆ ಹಾಕಲಿಲ್ಲ. ನಾನು ಬರುವುದಕ್ಕೆ ಸ್ವಲ್ಪ ಮೊದಲು ಒಬ್ಬ ಹುಡುಗಿ, ಚೊಚ್ಚಲ ಹೆರಿಗೆ, ಎತ್ತಿನ ಗಾಡಿಯಲ್ಲಿ ಪೇಟೆಗೆ ಸಾಗಿಸುವಾಗ ದಾರಿಯಲ್ಲೇ ತೀರಿಕೊಂಡಿದ್ದಳು. ಅವಳ ತಾಯಿ ಜಗುಲಿಯ ಮೇಲೆ ಸುಮ್ಮನೆ ಕೂತಿರುವುದನ್ನು ನಾನು ದಿನಾ ನೋಡುತ್ತಾ ಹಾದುಹೋಗುತ್ತಿದ್ದೆ. ಆಸ್ಪತ್ರೆ ಅಷ್ಟು ಹತ್ತಿರ ಇದ್ದೂ ಜನ ಬರುವುದಿಲ್ಲವಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ನಾನೂ ಗಂಟೆ ಕೇಳಿದೆ. ಮನೆಗಳ ಭೇಟಿಗೆಂದು ಹೊರಟವಳು ಗೇಟಿನ ಹತ್ತಿರ ಇದ್ದೆ. ಮುಚ್ಚಿದ ವಾರ್ಡಿನೊಳಗಿಂದ ಟ್ರಿಣ್ ಟ್ರಿಣ್ ಅಂತ ಸ್ಪಷ್ಟವಾಗಿ ಕೇಳಿಸಿತು. ಚೌಡಪ್ಪ ಆಗಲೇ ರಸ್ತೆಯಲ್ಲಿದ್ದ.

ಮಾರನೇ ಬೆಳಿಗ್ಗೆ ಧೈರ್ಯ ಮಾಡಿ ವಾರ್ಡಿನ ತುಕ್ಕು ಬೀಗ ಒಡೆಸಿದೆ. ಹಳೇ ಕಬ್ಬಿಣದ ಮಂಚಗಳನ್ನು ಒಂದು ಮೂಲೆಯಲ್ಲಿ ಪೇರಿಸಿದ್ದರು. ಎಲ್ಲೆಲ್ಲೂ ಧೂಳು, ಜೇಡರಬಲೆ. ನಡುವಿನ ನೆಲ ಮಾತ್ರ ಗುಡಿಸಿದಷ್ಟು ಚೊಕ್ಕಟ. "ನೋಡಿದ್ರಾ? ಗುಡಿಸ್ಕೊಂಡೂ ಹೋಗವಳೆ," ಅಂದ ಚೌಡಪ್ಪ, ಬಾಗಿಲ ಆಚೆಯಿಂದಲೇ. ವಾರ್ಡಿನ ಕೊನೆಯಲ್ಲಿ ಇನ್ನೊಂದು ಸಣ್ಣ ಬಾಗಿಲಿತ್ತು. "ಅದು ಹೆಣದ ಕೋಣೆ ಅಮ್ಮ," ಅಂದ. ನಾನು ಅದನ್ನು ತೆಗೆಯಲಿಲ್ಲ. ತೆಗೆದಿದ್ದರೆ ಈ ಕಥೆ ಇಲ್ಲೇ ಮುಗಿಯುತ್ತಿತ್ತು.

ವೈಜ್ಞಾನಿಕ ಮನೋಭಾವದಿಂದ ಒಂದು ಉಪಾಯ ಮಾಡಿದೆ. ವಾರ್ಡಿನ ನಡುಭಾಗದಲ್ಲಿ, ಆ ಗೋಡೆಯಿಂದ ಈ ಗೋಡೆಯವರೆಗೆ ಅಡ್ಡಲಾಗಿ ಬ್ಲೀಚಿಂಗ್ ಪೌಡರ್ ಉದುರಿಸಿ ಬಂದೆ. ಯಾರೇ ಓಡಾಡಲಿ, ಹೆಜ್ಜೆ ಗುರುತು ಬೀಳಲೇಬೇಕು. ಮಾರನೇ ದಿನ ನೋಡಿದರೆ ಒಂದೂ ಹೆಜ್ಜೆ ಇಲ್ಲ. ಅದರ ಬದಲು ಉದ್ದುದ್ದ ಗೆರೆಗಳು. ಬಳುಕಿಕೊಂಡು, ಒಂದರ ಮೇಲೊಂದು ಹೆಣೆದುಕೊಂಡು ಹೋಗಿದ್ದವು.

"ಸರ್ಪ!" ಅಂದೆವು ಇಬ್ಬರೂ ಒಟ್ಟಿಗೆ.

ಹಾವಾಡಿಗನನ್ನು ಕರೆಸಿದೆ. ಅವನು ಗೆರೆ ನೋಡಿ, "ಜೋಡಿ ನಾಗರ ತಾಯಿ, ಹಳೇವು," ಅಂದ. ವಾರ್ಡಿನ ಬಾಗಿಲು ಹಾಕಿಕೊಂಡು ಪುಂಗಿ ಊದಿ, ಸ್ವಲ್ಪ ಹೊತ್ತಿಗೆ ಒಂದು ನಾಗರಹಾವನ್ನು ಎತ್ತಿಕೊಂಡು ಹೊರಬಂದ. ಚೌಡಪ್ಪ ಕೈಮುಗಿದ. ನಾನು ದಕ್ಷಿಣೆ ಕೊಟ್ಟೆ. ಇನ್ನೊಂದು ಹಾವು ಎಲ್ಲಿ ಅಂತ ಕೇಳಿದ್ದಕ್ಕೆ ಅವನು ತನ್ನ ಬುಟ್ಟಿಯ ಕಡೆ ನೋಡಿ, "ಅದು ನಾಳೆ ಸಿಕ್ತದೆ ತಾಯಿ," ಅಂದ. ಆಗ ಅರ್ಥವಾಯಿತು, ಹಾವು ಒಳಗಿನದ್ದಲ್ಲ, ಅವನ ಜೊತೆಗೇ ಬಂದಿತ್ತು. ಅದರ ಹಲ್ಲನ್ನೂ ಕಿತ್ತಿದ್ದರೋ ಏನೋ, ಪಾಪ, ಅವನ ಕೈಯಲ್ಲಿ ತೂಕಡಿಸುತ್ತಿತ್ತು. ಆ ಮಧ್ಯಾಹ್ನವೂ ಗಂಟೆ ಕೇಳಿಸಿತು.

ಸುದ್ದಿ ಡಾಕ್ಟರ್ ಶ್ರೀಕಂಠಯ್ಯನವರ ಕಿವಿಗೆ ಬಿತ್ತು. ಹೇಳದೆ ಕೇಳದೆ ಒಂದು ಮಧ್ಯಾಹ್ನ ಜೀಪಿನಲ್ಲಿ ಬಂದಿಳಿದರು. ದಾರಿಯಲ್ಲಿ ಸಿಕ್ಕ ನಾಲ್ಕಾರು ಗಂಡಸರನ್ನೂ ಜೀಪಿಗೆ ಹತ್ತಿಸಿಕೊಂಡು ಬಂದಿದ್ದರು, ತಿಳಿವಳಿಕೆ ಕೊಡುವುದಕ್ಕೆ. ಹೊಂಗೆ ಮರದ ಕೆಳಗೆ ಅವರನ್ನೆಲ್ಲ ನಿಲ್ಲಿಸಿ ತಾವು ವಾರ್ಡಿನ ಕಡೆ ಮುಖ ಮಾಡಿ ಭಾಷಣ ಶುರು ಮಾಡಿದರು.

"ದೆವ್ವ ಅನ್ನೋದು ಮನಸ್ಸಿನ ದೌರ್ಬಲ್ಯ. ಸತ್ತವರು ಸತ್ತರು. ಅವರಿಗೆ ಕಣ್ಣಿಲ್ಲ, ಕಾಲಿಲ್ಲ, ಅವರು ನಡೆಯೋದು ಸಾಧ್ಯವೇ…"

ಅಲ್ಲಿಗೆ ಮಾತು ನಿಂತಿತು. ನಾನು ಅವರ ಕಣ್ಣು ಹೋದ ಕಡೆ ನೋಡಿದೆ.

ಮೊದಲನೇ ಕಿಟಕಿಯಲ್ಲಿ ಒಂದು ತಲೆ. ಬಿಳೀ ಬಟ್ಟೆ ಕಟ್ಟಿದ ಹೆಣ್ಣಿನ ತಲೆ. ಅದು ನಡೆಯುತ್ತಿರಲಿಲ್ಲ. ನಡೆಯುವವರ ತಲೆ ಸ್ವಲ್ಪವಾದರೂ ಏರಿಳಿಯುತ್ತದೆ. ಇದು ನೀರಿನ ಮೇಲೆ ತೇಲಿದ ಹಾಗೆ ನುಣ್ಣಗೆ ಎರಡನೇ ಕಿಟಕಿಗೆ, ಮೂರನೆಯದಕ್ಕೆ, ಹಾಗೇ ಕೊನೆಯವರೆಗೆ ಹೋಯಿತು. ಟ್ರಿಣ್ ಅಂತ ಗಂಟೆ. ಮತ್ತೆ ಆ ಕಡೆಯಿಂದ ಈ ಕಡೆಗೆ ತೇಲಿಕೊಂಡು ಬಂತು.

ಅಂಗಳದಲ್ಲಿದ್ದ ಗಂಡಸರು ಯಾವಾಗ ಮಾಯವಾದರೋ ಕಾಣಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಸಿಸ್ಟರ್, ನನಗೆ ಕೆಂಗೇರೀಲಿ ಇನ್ನೊಂದು ಇನ್ಸ್‌ಪೆಕ್ಷನ್ ಇದೆ."

"ಸಾರ್, ಒಳಗೆ ನೋಡಲ್ವಾ?"

"ಕಂಡಿತಲ್ಲ!"

ಜೀಪು ಹೋದ ಧೂಳು ಇಳಿಯುವುದಕ್ಕೆ ಬಹಳ ಹೊತ್ತು ಬೇಕಾಯಿತು. ವಾರದೊಳಗೆ ಸುದ್ದಿ ಬಂತು: ಕಟ್ಟಡ ಶಿಥಿಲವಾಗಿದೆ, ಕೆಡವುವುದು ಸೂಕ್ತ, ಕೇಂದ್ರವನ್ನು ವಿಜಯನಗರದ ಹೊಸ ಬಡಾವಣೆಗೆ ವರ್ಗಾಯಿಸಬಹುದು ಅಂತ ಡಾಕ್ಟರು ಶಿಫಾರಸು ಮಾಡಿದ್ದಾರೆ ಎಂದು. ಆ ಕಟ್ಟಡದ ಗೋಡೆಗೆ ಮೊಳೆ ಹೊಡೆಯಲು ಹೋಗಿ ನಾನು ಮೂರು ಮೊಳೆ ಬಗ್ಗಿಸಿದ್ದೆ. ಶಿಥಿಲವಂತೆ!

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಭಯ ಮರೆತುಹೋಗುತ್ತದೆ, ಇದು ಕೆಲಸದಲ್ಲಿ ಬಹಳ ಸಲ ಉಪಯೋಗಕ್ಕೆ ಬಂದಿದೆ. ಮಾರನೇ ಮಧ್ಯಾಹ್ನ ಬ್ಯಾಗು ಹೆಗಲಿಗೆ ಹಾಕಿಕೊಂಡು, "ಮನೆಗಳ ಭೇಟಿಗೆ ಹೋಗ್ತಾ ಇದೀನಿ ಚೌಡಪ್ಪ" ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗಿ ಹೊರಟೆ. ಹೊಲದ ಬದು ಹಿಡಿದು ಸುತ್ತಿಕೊಂಡು ಕಟ್ಟಡದ ಹಿಂಭಾಗಕ್ಕೆ ಬಂದೆ. ಹಳೇ ಅಡುಗೆಮನೆಯ ಬಾಗಿಲಿಗೆ ಚಿಲಕವೇ ಇರಲಿಲ್ಲ. ಬಾಗಿಲ ಹೊರಗೆ ಹೆಂಗಸರ ಚಪ್ಪಲಿಗಳು. ದೆವ್ವಗಳು ಚಪ್ಪಲಿ ಬಿಟ್ಟು ಒಳಗೆ ಹೋಗುವುದನ್ನು ನಾನು ಕೇಳಿರಲಿಲ್ಲ.

ಅಡುಗೆಮನೆ, ಹೆಣದ ಕೋಣೆ ದಾಟಿ ಒಳಗೆ ಹೋದೆ. ವಾರ್ಡಿನ ಕೊನೆಯಲ್ಲಿ ಮಂಚಗಳ ಮೇಲೆ ಊರಿನ ಸೊಸೆಯರೆಲ್ಲ ಕೂತಿದ್ದರು. ಒಬ್ಬಳು ಎಲೆಅಡಿಕೆ ಮಡಚುತ್ತಿದ್ದಳು, ಇಬ್ಬರು ಚೌಕಾಬಾರ ಆಡುತ್ತಿದ್ದರು, ಒಬ್ಬಳು ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದಳು. ನಡುವಿನ ನೆಲದ ಮೇಲೆ, ಸೀರೆಯನ್ನು ಕಚ್ಚೆ ಕಟ್ಟಿ, ತಲೆಗೆ ಬಿಳೀ ಟವೆಲು ಸುತ್ತಿಕೊಂಡು, ಪಟೇಲರ ಸೊಸೆ ಜಯಮ್ಮ ಸೈಕಲ್ಲು ಹೊಡೆಯುತ್ತಿದ್ದಳು.

ಗಂಡಸರ ಸೈಕಲ್ಲು. ಸವೆದು ನುಣ್ಣಗಾದ ಟೈರು. ನನ್ನನ್ನು ನೋಡಿದ್ದೇ ಬ್ರೇಕು ಮರೆತು ನೇರವಾಗಿ ಬಂದು ನನ್ನ ಬ್ಯಾಗಿಗೆ ಗುದ್ದಿ ನಿಂತಳು. ಚೌಕಾಬಾರ ನಿಂತಿತು. ಗೊರಕೆಯೂ ನಿಂತಿತು.

"ದಮ್ಮಯ್ಯ ಅಂತೀನಿ ನರ್ಸಮ್ಮ, ಯಾರಿಗೂ ಹೇಳ್ಬೇಡಿ," ಅಂದಳು ಜಯಮ್ಮ. "ನಮ್ಮತ್ತೆಗೆ ಗೊತ್ತಾದ್ರೆ ನನ್ನ ತೌರಿಗೆ ಅಟ್ತಾರೆ."

ಅವಳ ತೌರು ಕೆಂಗೇರಿ. ಅಪ್ಪನದು ಸೈಕಲ್ ಶಾಪು. ನಡೆಯುವುದಕ್ಕಿಂತ ಮೊದಲು ಪೆಡಲು ತುಳಿದವಳು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ತಲೆ ಮೇಲಿನ ಸೆರಗು ಜಾರುವಂತಿಲ್ಲ. ಮಧ್ಯಾಹ್ನ ಅತ್ತೆಯರೆಲ್ಲ ಮಲಗಿದ ಹೊತ್ತಿನಲ್ಲಿ ಸೊಸೆಯರು ಸೌದೆಯ ನೆವ ಹೇಳಿ ಇಲ್ಲಿ ಸೇರುತ್ತಾರೆ ಅಂತ ಅವಳಿಗೆ ಬೇರೆ ಹೆಂಗಸರು ಹೇಳಿದರಂತೆ. ಇಲ್ಲಿ ಬಂದು ಹೆಣದ ಕೋಣೆಯ ಬಾಗಿಲು ತೆಗೆದು ನೋಡಿದರೆ ಹಳೇ ಕಾಂಪೌಂಡರ್ ಬಿಟ್ಟುಹೋದ ಸೈಕಲ್ಲು. ಅಪ್ಪನಿಂದ ಹಳೇ ಟೈರು, ಟ್ಯೂಬು, ಗಂಟೆ ತರಿಸಿಕೊಂಡಳು. ಎಲ್ಲವೂ ರಾಗಿ ಮೂಟೆಯೊಳಗೆ ಕೂತು ಬಂದಿದ್ದವು.

"ಮತ್ತೆ ನಾನು ಬಂದ ಮೇಲೆ ಗಂಟೆ ಜಾಸ್ತಿ ಆಯ್ತಲ್ಲ?"

ಜಯಮ್ಮ ನೆಲ ನೋಡಿದಳು. ಅವಳ ಹಿಂದಿದ್ದ ರತ್ನ ಅನ್ನುವ ಬಸುರಿ ಹುಡುಗಿ ಮೆಲ್ಲಗೆ ಹೇಳಿದಳು, "ನೀವು ಹೆದರಿ ಹೊರಟೋಗ್ಲಿ ಅಂತ ನರ್ಸಮ್ಮ. ಇದೊಂದೇ ಜಾಗ ನಮ್ಗೆ."

ಅವರ ಮೇಲೆ ಕೋಪ ಮಾಡಿಕೊಳ್ಳಬೇಕು ಅಂತ ಬಾಯಿ ತೆರೆದೆ. ಬಂದದ್ದು ನಗು. ಹಾವಾಡಿಗನ ಕಥೆ ಹೇಳಿದೆ. ಡಾಕ್ಟರು ಕನ್ನಡಕ ಒರೆಸಿಕೊಂಡದ್ದನ್ನು ಮಾಡಿ ತೋರಿಸಿದೆ. ಎಲ್ಲರೂ ಸೆರಗು ಬಾಯಿಗೆ ತುರುಕಿಕೊಂಡು, ಸದ್ದು ಹೊರಗೆ ಕೇಳದ ಹಾಗೆ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಕಟ್ಟಡ ಕೆಡವುವ ವಿಷಯ ಹೇಳಿದೆ. ನಗು ನಿಂತಿತು.

"ನಾನು ನಿಮ್ಮ ದೆವ್ವನ ಓಡಿಸಲ್ಲ. ನೀವು ನನ್ನ ಓಡಿಸ್ಬೇಡಿ. ಬಸುರಿಯರು ಇಲ್ಲೇ, ಈ ಮಂಚದ ಮೇಲೇ ಪರೀಕ್ಷೆ ಮಾಡಿಸ್ಕೊಳ್ಳಿ. ಹೆರಿಗೇನೂ ಇಲ್ಲೇ ಮಾಡಿಸ್ತೀನಿ. ಆಸ್ಪತ್ರೆ ನಡೀತಾ ಇದ್ರೆ ಯಾರೂ ಕೆಡವಲ್ಲ."

ಹೀಗೆ ನಮ್ಮ ಒಪ್ಪಂದ ಆಯಿತು. ಮಧ್ಯಾಹ್ನದ ಹೊತ್ತು ನಾನೂ ಅಲ್ಲೇ ಕೂರಲು ಶುರು ಮಾಡಿದೆ. ಬೆಳಿಗ್ಗೆ ಮುಂದಿನ ಕೋಣೆಯಲ್ಲಿ "ಏನೂ ಇಲ್ಲ ನರ್ಸಮ್ಮ, ಚೆನ್ನಾಗಿದೀನಿ" ಅನ್ನುವ ಹೆಂಗಸು ಮಧ್ಯಾಹ್ನ ಹಿಂದಿನ ವಾರ್ಡಿನಲ್ಲಿ ಎಲೆ ಅಗಿಯುತ್ತಾ ತನ್ನ ಮೈಯ ಕಷ್ಟವನ್ನೆಲ್ಲ ಬಿಚ್ಚಿಡುತ್ತಿದ್ದಳು. ಹುಡುಗಿಯರೇ, ಇದನ್ನು ನೆನಪಿಟ್ಟುಕೊಳ್ಳಿ. ಮೇಜಿನ ಆಚೆ ಕೂತು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಪಕ್ಕದಲ್ಲಿ ಕೂತು ಚೌಕಾಬಾರದಲ್ಲಿ ಸೋಲಬೇಕು.

ನಾನೂ ಸೈಕಲ್ಲು ಕಲಿಯಲು ಹೋದೆ. ಒಂದೇ ಸಲ. ಮಂಚಗಳ ರಾಶಿಯೊಳಗೆ ನುಗ್ಗಿದ ಸದ್ದು ಊರಿನವರೆಗೆ ಕೇಳಿಸಿತಂತೆ. ಗಂಟೆ ನರ್ಸಿಗೆ ಕೋಪ ಬಂದಿದೆ ಅಂತ ಆ ಸಂಜೆ ಗೇಟಿನ ಮುಂದೆ ಯಾರೋ ತೆಂಗಿನಕಾಯಿ ಒಡೆದಿದ್ದರು.

ರತ್ನಳಿಗೆ ನೋವು ಶುರುವಾದದ್ದು ಒಂದು ಮಧ್ಯಾಹ್ನ, ವಾರ್ಡಿನಲ್ಲೇ. ಅವಳ ಗಂಡ ರಾಜಾಜಿನಗರದ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗಿದ್ದ. ಅವಳು ಮನೆಗೆ ಹೋಗುವುದಿಲ್ಲ ಅಂದಳು. "ಇಲ್ಲಿ ಎಲ್ಲಾರೂ ಇದೀರಲ್ಲ," ಅಂದಳು. ನೀರು ಕಾಯಿಸಿದೆವು. ಹೆರಿಗೆ ಸಲೀಸಾಗಿ ಆಯಿತು. ಹೆಣ್ಣು ಮಗು, ಒಳ್ಳೇ ಗಂಟಲು. ಆ ಕೇಂದ್ರದ ಮೊದಲ ಹೆರಿಗೆ. ನಮಗೆಲ್ಲ ಹಬ್ಬದ ಹಾಗಿತ್ತು.

ಮಾಸು ಬಿತ್ತು. ಆದರೆ ರಕ್ತ ನಿಲ್ಲಲಿಲ್ಲ.

ಇಂಜೆಕ್ಷನ್ ಕೊಟ್ಟೆ. ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶವನ್ನು ಉಜ್ಜುತ್ತಾ ಹೋದೆ. ಸ್ವಲ್ಪ ಬಿಗಿಯಾದಂತಾಗಿ ಮತ್ತೆ ಮೆತ್ತಗಾಗುತ್ತಿತ್ತು. ಉಳಿದದ್ದು ಇನ್ನೊಂದೇ ಇಂಜೆಕ್ಷನ್. ರತ್ನಳ ತುಟಿ ಬೆಳ್ಳಗಾಗುತ್ತಿತ್ತು. ಕೈ ತೆಗೆದರೆ ಅವಳು ಹೋಗುತ್ತಾಳೆ. ಕೈ ತೆಗೆಯದೆ ನಾನು ಎಲ್ಲಿಗೂ ಹೋಗುವಂತಿಲ್ಲ. ಊರಲ್ಲಿ ಫೋನಿಲ್ಲ. ಫೋನಿದ್ದದ್ದು ಮಾಗಡಿ ರೋಡಿನಲ್ಲಿ, ಮರ ಕೊಯ್ಯುವ ಸಾ ಮಿಲ್ಲಿನಲ್ಲಿ. ಗಂಡಸರು ಕೆಲಸಕ್ಕೆ ಹೋಗಿದ್ದರು, ಗಾಡಿಗಳು ಸಂತೆಗೆ ಹೋಗಿದ್ದವು. ಚೌಡಪ್ಪ ನಡೆದು ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಎತ್ತಿನ ಗಾಡಿಯಲ್ಲಿ ಸತ್ತ ಆ ಇನ್ನೊಬ್ಬ ಹುಡುಗಿಯ ತಾಯಿ ನನ್ನ ಕಣ್ಣ ಮುಂದೆ ಬಂದಳು.

"ನಾನು ಹೋಗ್ತೀನಿ," ಅಂದಳು ಜಯಮ್ಮ.

"ನಡ್ಕೊಂಡು ಹೋದ್ರೆ ಆಗಲ್ಲ ಕಣೇ."

"ನಡ್ಕೊಂಡು ಅಂತ ಯಾರು ಹೇಳಿದ್ರು?"

ಒಬ್ಬಳು ಅವಳ ಕೈ ಹಿಡಿದಳು. "ಲೇ, ಬೇರೆ ದಾರಿ ಇಲ್ಲ. ನಿಮ್ಮನೆ ಮುಂದೇನೇ ಹೋಗ್ಬೇಕು. ನಿಮ್ಮತ್ತೆ ಇವತ್ತು ಮಲಗಿಲ್ಲ, ಜಗುಲಿ ಮೇಲೆ ಕೂತವ್ರೆ."

ಜಯಮ್ಮ ಕೈ ಬಿಡಿಸಿಕೊಂಡು ಕಚ್ಚೆ ಬಿಗಿದಳು.

ಮುಂದಿನದನ್ನು ನಾನು ಕಂಡಿಲ್ಲ, ಕೇಳಿದ್ದು. ವಾರ್ಡಿನ ಬಾಗಿಲು ದಡಾರನೆ ತೆರೆದು ಬಿಳೀ ಟವೆಲಿನ ಹೆಣ್ಣೊಂದು ಗಂಟೆ ಬಾರಿಸುತ್ತಾ ಹೊರಗೆ ತೇಲಿಬಂದಾಗ, ಗೇಟಿನ ಹತ್ತಿರ ಬೀಡಿ ಹಚ್ಚುತ್ತಿದ್ದ ಚೌಡಪ್ಪ ಉದ್ದಂಡ ಬಿದ್ದನಂತೆ. "ನನ್ನ ಬಿಟ್ಬಿಡು ತಾಯಿ, ನಾನಿನ್ನೂ ಟೆಂಪರರಿ," ಅಂದನಂತೆ. ಊರಿನ ಬೀದಿಯಲ್ಲಿ ಮುದುಕರು ಎದ್ದು ನಿಂತರಂತೆ, ಕೋಳಿಗಳು ಚೆದುರಿದವಂತೆ. ಪಟೇಲರ ಮನೆಯ ಜಗುಲಿಯಲ್ಲಿ ಅತ್ತೆ ಪುಟ್ಟಗೌರಮ್ಮ ಅವರೆಕಾಳು ಬಿಡಿಸುತ್ತಾ ಕೂತಿದ್ದರಂತೆ.

"ಅತ್ತೆ ಮುಂದೆ ಇಳೀಬೇಕೋ ಬೇಡ್ವೋ ಅನ್ನಿಸ್ತು ನರ್ಸಮ್ಮ," ಅಂತ ಆಮೇಲೆ ಜಯಮ್ಮ ಹೇಳಿದಳು. "ಇಳಿದ್ರೆ ಮತ್ತೆ ಹತ್ತೋಕೆ ಒಂದು ಕಲ್ಲು ಹುಡುಕ್ಬೇಕಲ್ಲ. ಅದಕ್ಕೇ ಗಂಟೆ ಹೊಡ್ಕೊಂಡು ಹೋಗ್ಬಿಟ್ಟೆ."

ಸಾ ಮಿಲ್ಲಿನಲ್ಲಿ ಫೋನು ಕೆಟ್ಟಿತ್ತು. ಮಿಲ್ಲಿನವರು ಒಳ್ಳೆಯವರು, ಅಥವಾ ಜಯಮ್ಮನ ವೇಷ ನೋಡಿ ಗಾಬರಿಯಾದರೋ ಏನೋ, ನೀಲಗಿರಿ ಮರ ಇಳಿಸುತ್ತಿದ್ದ ಲಾರಿಯನ್ನೇ ಕಳಿಸಿದರು. ಮರದ ಹೊಟ್ಟಿನ ಮೂಟೆಗಳ ಮೇಲೆ ಹಾಸಿಗೆ ಹಾಕಿ ರತ್ನಳನ್ನು ಮಲಗಿಸಿದೆವು. ಪೇಟೆಯ ಆಸ್ಪತ್ರೆ ಬರುವವರೆಗೆ ನಾನು ಅವಳ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ದಾರಿಯುದ್ದಕ್ಕೂ ಅವಳನ್ನು ಮಾತಾಡಿಸುತ್ತಾ ಇದ್ದೆ. ನನಗೆ ಗೊತ್ತಿದ್ದ ವಚನಗಳೆಲ್ಲ ಮುಗಿದು, ಕೊನೆಗೆ ಸೈಕಲ್ಲಿನಿಂದ ಬಿದ್ದ ಕಥೆಯನ್ನೇ ತಿರುಗಿ ತಿರುಗಿ ಹೇಳಿದೆ. ಅಲ್ಲಿ ರಕ್ತ ಕೊಟ್ಟರು. ಸಂಜೆಯ ಹೊತ್ತಿಗೆ ಅವಳು ಕಣ್ಣು ಬಿಟ್ಟು, "ಮಗು ಹಾಲು ಕುಡೀತಾ?" ಅಂತ ಕೇಳಿದಳು. ಆಗ ನಾನು ವರಾಂಡಕ್ಕೆ ಬಂದು, ಗೋಡೆಗೆ ಒರಗಿ, ಚೆನ್ನಾಗಿ ಅತ್ತೆ.

ಮರುದಿನ ಊರಿಗೆ ಹೋಗುವಷ್ಟರಲ್ಲಿ ಅರಳೀಕಟ್ಟೆಯಲ್ಲಿ ಪಂಚಾಯಿತಿ ಸೇರಿತ್ತು. ಪಟೇಲ ರಂಗೇಗೌಡರು ನಡುವೆ ಕೂತಿದ್ದರು. ಅವರ ಮಗ, ಜಯಮ್ಮನ ಗಂಡ, ತಲೆ ತಗ್ಗಿಸಿ ನಿಂತಿದ್ದ. ಜಯಮ್ಮ ಒಂದು ಪಕ್ಕದಲ್ಲಿ, ಸೆರಗು ಹಣೆಯವರೆಗೆ.

"ಮನೆ ಸೊಸೆ ಕಚ್ಚೆ ಕಟ್ಕೊಂಡು ಬೀದೀಲಿ ಸೈಕಲ್ ಹೊಡೆಯೋದು ಅಂದ್ರೇನು?" ಅಂದರು ಪಟೇಲರು. "ಎಷ್ಟು ದಿನದಿಂದ ನಡೀತಾ ಇದೆ ಇದು?"

ನಾನು ಬಾಯಿ ಹಾಕಲು ಹೊರಟೆ. ಅಷ್ಟರಲ್ಲಿ ಹಿಂದಿನಿಂದ ಪುಟ್ಟಗೌರಮ್ಮ ಬಂದರು. ಕುಳ್ಳಗೆ, ಕಪ್ಪಗೆ, ಗಟ್ಟಿ ಹೆಂಗಸು. ಊರಲ್ಲಿ ಅವರು ಎದುರಿಗೆ ಬಂದರೆ ನಾಯಿಗಳೂ ದಾರಿ ಬಿಡುತ್ತಿದ್ದವು. ಜಯಮ್ಮ ಸೆರಗನ್ನು ಇನ್ನೂ ಮುಂದಕ್ಕೆ ಎಳೆದುಕೊಂಡಳು.

"ಸೈಕಲ್ ಹೊಡೆದಳು, ರತ್ನ ಉಳಿದಳು," ಅಂದರು ಪುಟ್ಟಗೌರಮ್ಮ. "ಇದರಲ್ಲಿ ಪಂಚಾಯ್ತಿ ಮಾಡೋಕೆ ಏನದೆ?"

"ಅಲ್ಲ ಕಣೇ, ಮರ್ಯಾದೆ…" ಅಂದರು ಪಟೇಲರು.

"ನಿಮ್ಮಲ್ಲಿ ಯಾವನಾದ್ರೂ ಒಬ್ಬ ಇದುವರ್ಗೂ ತಾನಾಗಿ ಆ ಕಾಂಪೌಂಡಿನೊಳಕ್ಕೆ ಕಾಲಿಟ್ಟಿದೀರಾ? ಹೆಂಡ್ತಿ ಹೆರಿಗೆ ಅಂದ್ರೂ ಇಡಲ್ಲ. ದೆವ್ವ ಅಂತೀರಿ. ಮರ್ಯಾದೆ ಮಾತಾಡ್ತಾ ಕೂತವ್ರೆ ಇಲ್ಲಿ. ಏಳೇ ಜಯಾ, ಒಲೆ ಮೇಲೆ ಸಾರು ಉಕ್ತಾ ಅದೆ."

"ದೆವ್ವದ ವಿಷಯ ಏನೇ ಮತ್ತೆ?" ಅಂದ ಕಟ್ಟೆಯ ಮೇಲಿನ ಒಬ್ಬ ಮುದುಕ.

"ಅವಳನ್ನ ನಾನು ನೋಡ್ಕೋತೀನಿ," ಅಂದು ಸೊಸೆಯನ್ನು ಕರೆದುಕೊಂಡು ಹೊರಟೇಬಿಟ್ಟರು. ಪಂಚಾಯಿತಿ ಅಲ್ಲಿಗೇ ಎದ್ದಿತು.

ಆ ಮಧ್ಯಾಹ್ನ ಪುಟ್ಟಗೌರಮ್ಮ ಒಬ್ಬರೇ ಆಸ್ಪತ್ರೆಗೆ ಬಂದರು. ವಾರ್ಡಿನ ಬಾಗಿಲಲ್ಲಿ ನಿಂತು ಗೋಡೆ, ಕಿಟಕಿ, ಮಂಚ ಎಲ್ಲವನ್ನೂ ನಿಧಾನವಾಗಿ ನೋಡಿದರು. ತೌರಮನೆಯನ್ನು ನೋಡುವ ಹಾಗೆ ನೋಡಿದರು.

"ನಿಮಗೆ ಮೊದಲೇ ಗೊತ್ತಿತ್ತಾ ಅಮ್ಮ?" ಅಂತ ಕೇಳಿದೆ.

"ಸೀರೆ ಅಂಚಿಗೆ ಚೈನಿನ ಜಿಡ್ಡು ಮೆತ್ಕೊಂಡು ಬಂದು, ಸೌದೆ ತರೋಕೆ ಹೋಗಿದ್ದೆ ಅಂತಿದ್ಲು. ನನ್ನ ಕಣ್ಣು ಹೋಗಿದ್ಯಾ?" ಒಂದು ಮಂಚದ ಮೇಲೆ ಕೂತರು. "ಗಂಟೆ ನರ್ಸು ಅಂತ ಯಾರೂ ಇರ್ಲಿಲ್ಲ ಕಣಮ್ಮ. ಪ್ಲೇಗು ನಿಂತ್ಮೇಲೆ ರೋಗಿಗಳು ಬರ್ಲಿಲ್ಲ, ಬಾವಿ ಬತ್ತೋಯ್ತು, ಡಾಕ್ಟ್ರು ಬೀಗ ಹಾಕ್ಕೊಂಡು ಹೋದ್ರು. ಅಷ್ಟೇಯ. ನಾನು ಸೊಸೆಯಾಗಿ ಬಂದಾಗ ನಮ್ಮತ್ತೆ ಒಂದು ಗಳಿಗೆ ಕೂರೋಕೆ ಬಿಡ್ತಿರ್ಲಿಲ್ಲ. ಬೆಳಗಿನ ಜಾವ ಬೀಸೋಕೆ ಎದ್ರೆ, ಊರೆಲ್ಲ ಮಲಗಿದ್ಮೇಲೆ ನಾನು ಮಲಗೋದು. ಹೊಟ್ಟೇಲಿ ಮೊದಲನೇ ಮಗು. ಒಂದಿನ ಸೌದೆಗೆ ಬಂದೋಳು ಇಲ್ಲಿ ಬಂದು ಮಲಗ್ಬಿಟ್ಟೆ. ಎಚ್ಚರ ಆದಾಗ ಹೊತ್ತಾಗೋಗಿತ್ತು. ಮನೇಲಿ ಏನು ಹೇಳೋದು? ದೆವ್ವ ಹಿಡ್ಕೊಂಡಿತ್ತು ಅಂದೆ. ಬಿಳೀ ಬಟ್ಟೆ ನರ್ಸು ಅಂದೆ, ಗಂಟೆ ಅಂದೆ, ಬಾಯಿಗೆ ಬಂದಿದ್ದು ಹೇಳ್ದೆ. ಎಲ್ಲಾರೂ ನಂಬಿದ್ರು. ಆಮೇಲೆ ನನ್ನಂಥ ನಾಲ್ಕು ಜನಕ್ಕೆ ಗುಟ್ಟಾಗಿ ಜಾಗ ತೋರಿಸ್ದೆ."

"ಹಂಗಾದ್ರೆ ಆ ದೆವ್ವ ನಿಮ್ಮದೇ!"

"ನಂದೇ. ನಾನು ಹುಟ್ಟಿಸಿದ್ದು. ಇವ್ರು ಅದಕ್ಕೆ ಸೈಕಲ್ ಕಲಿಸವ್ರೆ." ಮೊದಲ ಸಲ ಅವರು ನಕ್ಕದ್ದನ್ನು ಕಂಡೆ, ಮುಂದಿನ ಹಲ್ಲು ಎರಡು ಇರಲಿಲ್ಲ. ಆಮೇಲೆ ಮಂಚವನ್ನು ಕೈಯಿಂದ ಒತ್ತಿ ನೋಡಿದರು. "ಅತ್ತೆ ಆದ್ಮೇಲೆ ಬರೋಕೆ ಆಗ್ಲಿಲ್ಲ ಕಣಮ್ಮ. ಸೊಸೆಯರು ಹೆದರ್ಕೋತಾರಲ್ಲ. ಮನೇಲಿ ಮಲಗಿದ್ರೆ ಯಾರಾದ್ರೂ ಏನಾದ್ರೂ ಕೇಳ್ತಾನೇ ಇರ್ತಾರೆ. ಇಲ್ಲಿನ ನಿದ್ದೇನೇ ಬೇರೆ."

ಅವತ್ತೇ ಒಂದು ಮಂಚಕ್ಕೆ ಹಾಸಿಗೆ ಹಾಸಿಕೊಟ್ಟೆ.

ಅದಾದ ಮೇಲೆ ಹೆರಿಗೆಗಳು ಒಂದರ ಹಿಂದೆ ಒಂದು ಬಂದವು. ಕಟ್ಟಡ ಕೆಡವುವ ಮಾತು ತಾನಾಗಿಯೇ ತಣ್ಣಗಾಯಿತು. ಕೆಲವು ತಿಂಗಳ ಮೇಲೆ ಡಾಕ್ಟರ್ ಶ್ರೀಕಂಠಯ್ಯನವರು ಮತ್ತೆ ಇನ್ಸ್‌ಪೆಕ್ಷನ್ನಿಗೆ ಬಂದರು, ಈ ಸಲ ಬೆಳಿಗ್ಗೆಯೇ ಬರುತ್ತೇನೆಂದು ಹೇಳಿ ಕಳಿಸಿದ್ದರು. ಜೀಪು ಕೆಟ್ಟು ತಲುಪುವಷ್ಟರಲ್ಲಿ ಮಧ್ಯಾಹ್ನ ಆಗಿಹೋಗಿತ್ತು. ಗೇಟಿನಲ್ಲೇ ನಿಂತು ಕಿಟಕಿಗಳನ್ನು ಒಂದೊಂದಾಗಿ ನೋಡಿದರು.

"ಸಿಸ್ಟರ್, ಅದು… ಆ ತೊಂದರೆ ಈಗ?"

"ಟ್ರಾನ್ಸ್‌ಫರ್ ಆಯ್ತು ಸಾರ್."

ಅವರಿಗೆ ಅದು ಸಮಾಧಾನಕರ ಉತ್ತರವಾಗಿ ಕಂಡಿತು. ಇಲಾಖೆಯಲ್ಲಿ ಆಗುವಂಥದ್ದೇ. ವಾರ್ಡಿನೊಳಗೆ ಬಂದರು. ಬಾಣಂತಿಯರನ್ನು ಮಾತಾಡಿಸಿದರು, ಕೂಸುಗಳನ್ನು ನೋಡಿದರು, ಖುಷಿಯಾದರು. ಕೊನೆಯ ಮಂಚದ ಹತ್ತಿರ ನಿಂತರು. ಅಲ್ಲಿ ಪುಟ್ಟಗೌರಮ್ಮ ಗೋಡೆ ಕಡೆ ತಿರುಗಿ ನಿದ್ದೆ ಹೋಗಿದ್ದರು.

"ಈ ವಯಸ್ಸಾದವರು? ಇವರಿಗೇನು ಕಾಯಿಲೆ?"

"ಏನೂ ಇಲ್ಲ ಸಾರ್."

"ಮತ್ತೆ ಹೆರಿಗೆ ವಾರ್ಡಲ್ಲಿ ಯಾಕೆ ಮಲಗಿಸಿದ್ದೀರಿ? ಎಬ್ಬಿಸಿ."

"ನೀವೇ ಎಬ್ಬಿಸಿ ಸಾರ್."

ಡಾಕ್ಟರು ಬಗ್ಗಿ ಆ ಮುಖವನ್ನು ನೋಡಿದರು. ಸುತ್ತಲೂ ಹೆಂಗಸರೆಲ್ಲ ಅವರನ್ನೇ ನೋಡುತ್ತಿದ್ದರು. ಅವರಿಗೆ ಏನನ್ನಿಸಿತೋ, ಕೈ ಹಿಂದಕ್ಕೆ ತೆಗೆದುಕೊಂಡರು, ಕೆಳಗೆ ಜಾರಿದ್ದ ಹೊದಿಕೆಯನ್ನು ಎತ್ತಿ ಆಕೆಯ ಕಾಲ ಮೇಲೆ ಹಾಕಿದರು. ಆಮೇಲೆ ಬೂಟು ಸದ್ದಾಗದ ಹಾಗೆ ತುದಿಗಾಲಲ್ಲಿ ನಡೆದು ಹೊರಗೆ ಹೋದರು.